ವರ್ನೆಲ್ ಪಿಕೆಟ್ ಹೇಳಿದ ಸಾಕ್ಷಿ

ಶನಿವಾರ ಮಧ್ಯಾಹ್ನ ವರ್ನೆಲ್ ಪಿಕೆಟ್‌ಳ ಅಡುಗೆಮನೆ ಕಿಟಕಿಯಿಂದ ಬಿಸಿ ಗಂಜಿಯ ವಾಸನೆ ಬಂತೆಂದರೆ ಅವಳು ಚರ್ಚಿನ ಮಕ್ಕಳ ನಿಲುವಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಾಳೆ ಎಂದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಹಾಡುವ ಮಕ್ಕಳಿಗೆ ನಮ್ಮಲ್ಲಿ ನೇರಳೆ ಬಣ್ಣದ ನಿಲುವಂಗಿ. ಒಂದು ನೆರಿಗೆ ಓರೆಯಾದರೂ ಅವಳು ಮತ್ತೆ ನೀರು ಚಿಮುಕಿಸಿ ಮೊದಲಿನಿಂದ ಶುರು ಮಾಡುವಳು. ದೇವರೇನು ನೆರಿಗೆ ಎಣಿಸುತ್ತಾನೇನೇ ಎಂದು ನಾನು ಕೇಳಿದರೆ, "ದೇವ್ರು ಎಣಿಸಲ್ಲ ಕಣೇ ಲುಲಾ, ರಾಸ್ಲಿನ್ ಎಣಿಸ್ತಾಳೆ" ಎನ್ನುತ್ತಿದ್ದಳು. ಚರ್ಚಿನಲ್ಲಿ ವರ್ನೆಲ್‌ಳ ಪಕ್ಕವೇ ಕೂರುತ್ತಿದ್ದ ರಾಸ್ಲಿನ್ ಗೇನ್ಸ್‌ಳ ಕಣ್ಣಿಗೆ ಯಾವ ಸುಕ್ಕೂ ತಪ್ಪಿಸಿಕೊಳ್ಳುತ್ತಿರಲಿಲ್ಲ.

ವರ್ನೆಲ್‌ಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ, ಎದುರಿಗೆ ಒಂದೇ ಜಗಲಿ. ಸೇಂಟ್ ಲೂಯಿಸ್‌ನ ಉತ್ತರ ಭಾಗದಲ್ಲಿ, ನಾವು ಕರಿಯರೇ ಇರುವ ಕಡೆ, ಇಂಥ ಕೆಂಪಿಟ್ಟಿಗೆ ಮನೆಗಳು ಇನ್ನೂ ನಿಂತಿರುವುದೇ ಹೆಚ್ಚು. ಮನೆಯೊಂದು ಖಾಲಿ ಬಿದ್ದರೆ ಕಳ್ಳರು ಮೊದಲು ಬೆಂಕಿ ಹಚ್ಚುತ್ತಾರೆ. ಬೆಂಕಿ ಆರಿಸುವವರು ಬಿಟ್ಟ ನೀರಿನ ರಭಸಕ್ಕೆ ಗಾರೆ ಸಡಿಲವಾಗುತ್ತದೆ, ಆಮೇಲೆ ಇಟ್ಟಿಗೆ ಕಿತ್ತು ಲಾರಿಗೆ ತುಂಬುತ್ತಾರೆ. ದೂರದ ಊರಿನ ಉಳ್ಳವರಿಗೆ ತೋಟದ ಗೋಡೆ ಕಟ್ಟಲು ನಮ್ಮ ಹಳೇ ಇಟ್ಟಿಗೆಯೇ ಬೇಕಂತೆ. ಸುಟ್ಟ ಗುರುತು ಇದ್ದರೆ ಇನ್ನೂ ಚೆಂದವಂತೆ.

ವರ್ನೆಲ್ ಶಾಲೆಯೊಂದರಲ್ಲಿ ಮಕ್ಕಳ ಊಟ ಬೇಯಿಸುವ ಕೆಲಸದಲ್ಲಿದ್ದಳು. ಗಂಡ ಬೇಗ ಹೋದ. ಒಬ್ಬಳೇ ಮಗಳು ಸಕ್ಕರೆ ಕಾಯಿಲೆಯಲ್ಲಿ ತೀರಿಕೊಂಡು, ಅವಳ ಮಗ ಕಾರ್ಡೆಲ್ ಅಜ್ಜಿಯ ಮಡಿಲಿಗೆ ಬಿದ್ದ. ಹುಡುಗ ತೀರಾ ಪುಕ್ಕಲ. ಬೀದಿನಾಯಿಗೂ ಹೆದರುವನು, ಹುಟ್ಟುಹಬ್ಬದ ಬಲೂನಿಗೂ ಹೆದರುವನು. ಬಲೂನು ಯಾವಾಗ ಒಡೆಯುತ್ತದೋ ಎಂದು ಕಿವಿ ಮುಚ್ಚಿಕೊಂಡು ಕೇಕು ತಿನ್ನುತ್ತಿದ್ದ. ಆದರೆ ಕೈಯಲ್ಲಿ ತಾಳವಿತ್ತು. ಊಟದ ಮೇಜು, ಚರ್ಚಿನ ಬೆಂಚು, ನನ್ನ ಜಗಲಿಯ ಕಟಾಂಜನ, ಎಲ್ಲದರ ಮೇಲೂ ಬಾರಿಸುವನು. ಕೊನೆಗೆ ಪಾಸ್ಟರ್ ಅವನನ್ನು ಡ್ರಮ್ಮಿನ ಮುಂದೆ ಕೂರಿಸಿದರು. ಹತ್ತೊಂಬತ್ತು ತುಂಬುವವರೆಗೂ ಆ ಸ್ಟೂಲು ಅವನದೇ ಆಗಿತ್ತು.

ನಮ್ಮ ಚರ್ಚಿನಲ್ಲಿ ಪಾಸ್ಟರರ ಪ್ರವಚನಕ್ಕೆ ಮೊದಲು ಸಾಕ್ಷಿ ಹೇಳುವ ಪದ್ಧತಿಯಿದೆ. ಯಾರಿಗೆ ಎದೆ ತುಂಬಿ ಬಂತೋ ಅವರು ಎದ್ದು ದೇವರು ತಮಗೇನು ಮಾಡಿದ ಎಂದು ಹೇಳಬೇಕು. ಸುತ್ತಲಿನವರು "ಹೇಳಮ್ಮಾ", "ಬಿಡ್ಬೇಡ, ಹೇಳು" ಎಂದು ಹುರಿದುಂಬಿಸುತ್ತಾರೆ. ಹಾಗೆ ತಳ್ಳುತ್ತಿದ್ದರೆ ಮಾತು ತಾನಾಗಿ ಬೆಳೆಯುತ್ತದೆ. ಹೊಸೇಯಾ ಅಣ್ಣನಿಗೆ ದೇವರು ವಾಸಿ ಮಾಡಿದ್ದು ಮೊದಲ ವರ್ಷ ಹಲ್ಲುನೋವು. ಮಾರನೇ ವರ್ಷಕ್ಕೆ ಅದು ದವಡೆಯ ಗಡ್ಡೆಯಾಯಿತು, ಅದರಾಚೆಗೆ ಕ್ಯಾನ್ಸರ್. ಅವನ ಹಲ್ಲು ಕಿತ್ತ ಡಾಕ್ಟರ ಹೆಂಡತಿಯೂ ಅಲ್ಲೇ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಅದನ್ನು ಯಾರೂ ಸುಳ್ಳು ಅನ್ನುವುದಿಲ್ಲ. ಸಾಕ್ಷಿಯನ್ನು ತಕ್ಕಡಿಯಲ್ಲಿಟ್ಟು ತೂಗುವ ರೂಢಿ ನಮ್ಮಲ್ಲಿಲ್ಲ.

ರಾಸ್ಲಿನ್‌ಳ ಮಗ ಕೆವಾಂಟೆಯನ್ನು ಮೂಲೆಯ ಪೆಟ್ರೋಲ್ ಬಂಕಿನಲ್ಲಿ ಯಾರೋ ಗುಂಡಿಟ್ಟು ಕೊಂದದ್ದು ಒಂದು ಶನಿವಾರ. ಆಗ ವರ್ನೆಲ್ ಇಸ್ತ್ರಿ ಹಾಕುತ್ತಿದ್ದಳು, ಕಾರ್ಡೆಲ್ ಪಕ್ಕದಲ್ಲಿ ನಿಂತು ಒಂದೊಂದೇ ಹ್ಯಾಂಗರ್ ಎತ್ತಿಕೊಡುತ್ತಿದ್ದ. ಶಬ್ದ ಕೇಳಿ ಅವನು ಮೇಜಿನ ಕೆಳಗೆ ನುಸುಳಿದನಂತೆ. ಎಷ್ಟು ಕರೆದರೂ ಹೊರಗೆ ಬರಲಿಲ್ಲವಂತೆ. ನಾನಾಗ ಅಂಗಡಿಗೆ ಹೋಗಿದ್ದೆ, ಹಾಗಾಗಿ ಅವನು ಮನೆಯಲ್ಲಿದ್ದದ್ದನ್ನು ಕಣ್ಣಾರೆ ಕಂಡವಳು ವರ್ನೆಲ್ ಒಬ್ಬಳೇ. ಕೊಂದವರು ಯಾರೆಂದು ತಿಳಿಯಲಿಲ್ಲ. ಕೆವಾಂಟೆ ಎರಡನೇ ಪಂಪಿನ ಹತ್ತಿರ ಬಿದ್ದದ್ದು, ಬೂದು ಬಣ್ಣದ ಕಾರು, ಒಂದು ಕಾಲಿನ ಬೂಟು ಕಳಚಿ ದೂರ ಹೋಗಿದ್ದದ್ದು, ಇಷ್ಟು ಮಾತ್ರ ಬೀದಿಯ ಪ್ರತಿ ಜಗಲಿಯಲ್ಲೂ ವಾರವಿಡೀ ಆಡಿದ ಮಾತು.

ಮಣ್ಣು ಮಾಡುವ ದಿನ ಎಲ್ಲರೂ ಕೆವಾಂಟೆಯ ಮುಖ ಅಚ್ಚು ಹಾಕಿದ ಅಂಗಿ ತೊಟ್ಟಿದ್ದರು. ಈಗ ಹುಡುಗರು ಸತ್ತರೆ ಅದೊಂದು ಪದ್ಧತಿಯೇ ಆಗಿದೆ. ಫೋಟೊ, ಕೆಳಗೆ ಹುಟ್ಟಿದ ವರ್ಷ, ಸತ್ತ ವರ್ಷ. ಚರ್ಚಿನ ನೆಲಮಾಳಿಗೆಯಲ್ಲಿ ಹುರಿದ ಮೀನು, ಸ್ಪಗೆಟಿ ಬಡಿಸುವಾಗ ಎಲ್ಲರ ಎದೆಯ ಮೇಲೂ ಆ ಹುಡುಗ ನಗುತ್ತಿದ್ದ, ಒಬ್ಬರ ಅಂಗಿಯ ಮೇಲೆ ಸಾರು ಚೆಲ್ಲಿತ್ತು.

ಆಮೇಲಿನ ವಾರ ವರ್ನೆಲ್ ಕೆಲಸದಿಂದ ಬಂದವಳು ಒಳಗೆ ಹೋಗದೆ ಜಗಲಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಊಟದ ಸಾಲಿನಲ್ಲಿ ಮೂರನೇ ತರಗತಿಯ ಹುಡುಗನೊಬ್ಬ ತಟ್ಟೆ ಚಾಚಿ, ತನ್ನ ಅಂಗಿಗೆ ಯಾವ ಫೋಟೊ ಹಾಕಬೇಕೆಂದು ಆಗಲೇ ಆರಿಸಿಟ್ಟಿದ್ದೇನೆ ಎಂದನಂತೆ. ಯಾವ ಅಂಗಿ ಮಗಾ ಎಂದರೆ, ನಾನು ಸತ್ತಾಗ ಹಾಕೋದು ಎಂದನಂತೆ. ಟೊಪ್ಪಿ ಓರೆ ಮಾಡಿ ಕೈಯನ್ನು ಪಿಸ್ತೂಲಿನ ಹಾಗೆ ಹಿಡಿದ ಫೋಟೊ ಅದು. ಹಿಂದಿದ್ದವನು ತನ್ನದೇ ಚೆನ್ನಾಗಿದೆ ಎಂದು ಜಗಳ ತೆಗೆದನಂತೆ. ಇಬ್ಬರೂ ಒಬ್ಬರನ್ನೊಬ್ಬರು ಕರೆದದ್ದು ಹತ್ತಿಯ ಹೊಲದಲ್ಲಿ ಬಿಳಿ ಧಣಿಗಳು ಗುಲಾಮರಾಗಿದ್ದ ನಮ್ಮ ಮುತ್ತಜ್ಜಂದಿರನ್ನು ಬೈದು ಕರೆಯುತ್ತಿದ್ದ ಮಾತಿನಿಂದ. ಯಾರು ಕಲಿಸಿದರೋ ಎಂದರೆ ಕೊಂದೆ ಕೊಂದೆ ಎಂದು ಕೊಚ್ಚಿಕೊಳ್ಳುವ ಒಂದು ರ‍್ಯಾಪ್ ಹಾಡಿನ ಹೆಸರು ಹೇಳಿದರಂತೆ.

"ಇನ್ನೂ ಹಾಲುಹಲ್ಲು ಬಿದ್ದಿಲ್ಲ ಕಣೇ" ಎಂದಳು ವರ್ನೆಲ್. "ಬಾಳೋದು ಹೇಗೆ ಅಂತ ಗೊತ್ತಿಲ್ಲ, ಸತ್ತಾಗ ಹೇಗ್ ಕಾಣ್ಬೇಕು ಅಂತ ಗೊತ್ತು."

ಆ ಭಾನುವಾರ ಅವಳು ಸಾಕ್ಷಿಗೆ ಎದ್ದಳು. ನೇರಳೆ ಟೊಪ್ಪಿ ಹಾಕಿದ್ದಳು. ಊಟದ ಸಾಲಿನ ಕಥೆ ಹೇಳಿದಳು. ರಾಸ್ಲಿನ್ ಮೊದಲ ಬೆಂಚಿನಲ್ಲಿ ಮಗನ ಮುಖದ ಅಂಗಿಯಲ್ಲೇ ಕೂತು "ಹೇಳು ವರ್ನೆಲ್, ಹೇಳು" ಎನ್ನುತ್ತಿದ್ದಳು. ಜನ ತಳ್ಳಿದ ಹಾಗೆ ಮಾತು ಬೆಳೆಯಿತು. ಕೊನೆಗೆ ವರ್ನೆಲ್ ಕೈ ಎತ್ತಿ ಹೇಳಿದ ಮಾತು ಇದು: "ಅದು ಬರೀ ಹಾಡು ಅಂತ ನಂಗೆ ಹೇಳ್ಬೇಡಿ. ಈ ಹುಡುಗ್ರು ಮಾಡಿದ್ದನ್ನೇ ಹಾಡ್ತಾರೆ, ಹಾಡಿದ್ದನ್ನೇ ಮಾಡ್ತಾರೆ. ದೇವರ ಮುಂದೆ ನಿಂತು ಹೇಳ್ತಿದೀನಿ, ಕೊಲೆ ಹಾಡೋ ಬಾಯಿಗೂ ಕೊಲೆ ಮಾಡೋ ಕೈಗೂ ಒಂದೇ ರಕ್ತ." ಇಡೀ ಚರ್ಚು ಎದ್ದು ನಿಂತಿತು. ಡ್ರಮ್ಮಿನ ಹಿಂದೆ ಕೂತಿದ್ದ ಕಾರ್ಡೆಲ್ ಮಾತಿನ ಕೊನೆಗೆ ಸರಿಯಾಗಿ ಒಂದು ಪೆಟ್ಟು ಹಾಕಿದ. ಕಾಲು ಬಾರದ ಮುದುಕರು ಮನೆಯಲ್ಲೇ ನೋಡಲಿ ಎಂದು ಪಾಸ್ಟರ್ ಪ್ರತಿವಾರದ ಆರಾಧನೆಯನ್ನು ಫೋನಿನಲ್ಲಿ ಹಿಡಿದು ಇಂಟರ್‌ನೆಟ್ಟಿಗೆ ಹಾಕುತ್ತಿದ್ದರು. ಇದನ್ನೂ ಹಾಕಿದರು. ಬೇರೆ ಬೇರೆ ಚರ್ಚಿನವರು ಕೇಳಿ ಮೆಚ್ಚಿದರು. ವರ್ನೆಲ್‌ಳನ್ನು ಮೂರು ನಾಲ್ಕು ಕಡೆ ಮಾತಿಗೆ ಕರೆದರು. ಅವಳ ನಡಿಗೆಯೇ ನೆಟ್ಟಗಾಯಿತು.

ಆ ಹೊತ್ತಿಗೆ ಕಾರ್ಡೆಲ್ ಮನೆಯ ನೆಲಮಾಳಿಗೆಯಲ್ಲಿ ತನ್ನದೇ ಹಾಡು ಕಟ್ಟುತ್ತಿದ್ದ. ಅಜ್ಜಿ ಅದನ್ನು ಚರ್ಚಿನ ಅಭ್ಯಾಸ ಅಂದುಕೊಂಡಿದ್ದಳು. ನನಗೆ ಮಾತ್ರ ಒಮ್ಮೆ ಜಗಲಿಯಲ್ಲಿ ಕೂತು ಹೇಳಿದ್ದ. ಸತ್ತ ತಾಯಿಯ ಬಗ್ಗೆ ಒಂದು ಹಾಡು ಮಾಡಿ ಇಂಟರ್‌ನೆಟ್ಟಿಗೆ ಹಾಕಿದನಂತೆ. "ನಲವತ್ತು ಸಲ ಕೇಳಿದಾರೆ ಮಿಸ್ ಲುಲಾ. ಅದ್ರಲ್ಲಿ ಮೂವತ್ತು ಸಲ ನಾನೇ." ನಕ್ಕ. ಉಳಿದ ಹತ್ತರಲ್ಲಿ ನನ್ನದೂ ಒಂದಿತ್ತು. ಒಳ್ಳೆಯ ಹಾಡು. ತಾಯಿ ಅವನ ಶೂಲೇಸು ಕಟ್ಟುವಾಗ ಗುನುಗುತ್ತಿದ್ದದ್ದು ಅದರಲ್ಲಿತ್ತು.

ಚಳಿಗಾಲ ಕಳೆದು ಒಂದು ದಿನ ಊಟದ ಸಾಲಿನಲ್ಲಿ ಮಕ್ಕಳು ಒಂದು ಹೊಸ ಹಾಡನ್ನು ತಟ್ಟೆ ಬಡಿದುಕೊಂಡು ಹಾಡುತ್ತಿದ್ದರು. ಎರಡನೇ ಪಂಪು, ಬೂದು ಕಾರು, ಕೆವಾಂಟೆ ಒಂದೇ ಬೂಟಿನಲ್ಲಿ ಸ್ವರ್ಗಕ್ಕೆ ಕುಂಟಿಕೊಂಡು ಹೋದ, ಕಳಿಸಿದವನು ನಾನು. ವರ್ನೆಲ್‌ಳ ಕೈಯಲ್ಲಿದ್ದ ಸೌಟು ನಿಂತದ್ದು ಆ ಮಾತಿಗಲ್ಲ, ತಾಳಕ್ಕೆ. ಮಾತಿನ ಕೊನೆಗೆ ಒಂದು ಕ್ಷಣ ತಡೆದು ಬೀಳುವ ಆ ಪೆಟ್ಟನ್ನು ಅವಳು ಹದಿನೈದು ವರ್ಷ ತನ್ನ ಊಟದ ಮೇಜಿನ ಮೇಲೆ ಕೇಳಿದ್ದಳು.

ಆ ಸಂಜೆ ಗೋಡೆಯಾಚೆ ಕೂಗಾಟವಾಗಲಿಲ್ಲ. ಮಾತು ಮೆಲ್ಲಗೇ ನಡೆಯಿತು. ನನ್ನ ಕಡೆಯ ಗೋಡೆ ತೆಳು.

"ಇದು ನೀನೇನೋ?"

"ಹಾಡು ಅಜ್ಜಿ. ಬರೀ ಹಾಡು."

"ಕೆವಾಂಟೆನ ಹೊಡ್ದೋನು ನಾನು ಅಂತಿದೀಯಲ್ಲೋ. ಅವತ್ತು ನೀನು ಇಲ್ಲಿ ಹ್ಯಾಂಗರ್ ಹಿಡ್ಕೊಂಡು ನಿಂತಿದ್ದೆ."

"ಹ್ಯಾಂಗರ್ ಹಿಡ್ಕೊಂಡಿದ್ದೆ ಅಂತ ಹಾಡಿದ್ರೆ ಯಾರು ಕೇಳ್ತಾರೆ?"

ಅವನೇ ಮುಂದುವರಿದ. ಎಲ್ಲೆಲ್ಲಿಯೋ ಕೇಳುತ್ತಿದ್ದಾರಂತೆ. ಅವನು ಹೆಸರೂ ಕೇಳಿರದ ಊರಿನ ಕಾಲೇಜು ಹುಡುಗರು, ಬಿಳಿಯರ ಮಕ್ಕಳು, ನಮ್ಮ ಬೀದಿಗೆ ಕಾಲಿಟ್ಟರೆ ಕಾರಿನ ಬಾಗಿಲು ಚಿಲಕ ಹಾಕಿಕೊಳ್ಳುವವರು, ಇನ್ನೂ ಬೇಕು, ಇನ್ನೂ ನಿಜವಾದದ್ದು ಬೇಕು ಎಂದು ಬರೆಯುತ್ತಿದ್ದಾರಂತೆ. ಇಟ್ಟಿಗೆ ಹೋದ ದಾರಿಯಲ್ಲೇ ಹಾಡೂ ಹೋಯಿತು ಎಂದು ಗೋಡೆಯ ಈಚೆ ನಾನು ಅಂದುಕೊಂಡೆ.

"ಹೊಸೇಯಾ ಮಾಮ ಹಲ್ಲುನೋವನ್ನ ಕ್ಯಾನ್ಸರ್ ಅಂದ್ರೆ ಎಲ್ರೂ ಎದ್ದು ಚಪ್ಪಾಳೆ ತಟ್ತೀರಿ" ಎಂದ ಕಾರ್ಡೆಲ್.

"ಅವ್ನು ತನ್ ನೋವನ್ನ ದೊಡ್ಡದು ಮಾಡ್ತಾನೆ ಕಣೋ. ನೀನು ರಾಸ್ಲಿನ್ ನೋವನ್ನ ತಮಾಷೆ ಮಾಡ್ದೆ."

ಕುರ್ಚಿ ಎಳೆದ ಸದ್ದಾಯಿತು, ಆಮೇಲೆ ಅವನ ದನಿ ಕೇಳಿಸಿತು. "ಕನ್ನಡಿ ನೋಡ್ಕೊಂಡ್ರೆ ಮೊದ್ಲು ಯಾರೂ ಕಾಣ್ತಿರ್ಲಿಲ್ಲ ಅಜ್ಜಿ. ಈಗ ಒಬ್ಬ ಕಾಣ್ತಾನೆ. ಅವ್ನಿಗೆ ಬಲೂನು ಅಂದ್ರೆ ಭಯ ಇಲ್ಲ."

ಅಜ್ಜಿಯ ಮಾತಿಗೆ ಅವನು ಹಾಡನ್ನು ತೆಗೆದುಹಾಕಿದ. ತೆಗೆದು ಏನು ಬಂತು? ಆಗಲೇ ಅದು ಸಾವಿರ ಫೋನುಗಳಲ್ಲಿ ಕೂತಿತ್ತು. ವರ್ನೆಲ್ ಸಿಹಿಗೆಣಸಿನ ಕಡುಬು ಬೇಯಿಸಿ ಬಟ್ಟೆ ಮುಚ್ಚಿಕೊಂಡು ರಾಸ್ಲಿನ್‌ಳ ಮನೆಗೆ ಹೊರಟಳು, ನಾನೂ ಜೊತೆಗೆ ಹೋದೆ. ರಾಸ್ಲಿನ್ ಜಾಲರಿ ಬಾಗಿಲು ತೆರೆಯಲಿಲ್ಲ, ಅದರ ಹಿಂದೆಯೇ ನಿಂತಳು. ವರ್ನೆಲ್ ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು: "ನಿನ್ ಮೊಮ್ಮಗ ಕೊಂದಿಲ್ಲ ಅಂತ ನಂಗೊತ್ತು ವರ್ನೆಲ್. ಅವ್ನಿಗೆ ಕೋಳಿ ಕತ್ತು ಮುರಿಯೋಕೂ ಬರಲ್ಲ. ಆದ್ರೆ ಕೊಂದೋನು ಒಂದ್ಸಲ ಕೊಂದ. ಇವ್ನು ಒಂದೊಂದು ಕಾರು ಹೋದಾಗ್ಲೂ ಕೊಲ್ತಾನೆ." ಆ ಹೊತ್ತಿಗೂ ಬೀದಿಯ ತುದಿಯಲ್ಲಿ ಒಂದು ಕಾರು ಗಾಜಿಳಿಸಿ, ಆ ಹಾಡನ್ನೇ ಹಾಕಿಕೊಂಡು ಹೋಗುತ್ತಿತ್ತು. ನಾವು ಕಡುಬನ್ನು ಜಗಲಿಯ ಮೇಲಿಟ್ಟು ಬಂದೆವು. ಮಾರನೇ ದಿನವೂ ಅದು ಅಲ್ಲೇ ಇತ್ತು, ಇರುವೆ ಮುತ್ತಿತ್ತು.

ಬೇಸಿಗೆಯಲ್ಲಿ ಪೊಲೀಸರು ಬಂದು ಕಾರ್ಡೆಲ್‌ನನ್ನು ಕರೆದೊಯ್ದರು. ಕೊಲೆಯ ಆರೋಪ. ಅವರ ಕೈಯಲ್ಲಿದ್ದದ್ದು ಎರಡೇ. ಒಂದು ಆ ಹಾಡು. ಇನ್ನೊಂದು, ತನ್ನ ಕೇಸು ಹಗುರಾಗಲಿ ಎಂದು ಇವನನ್ನು ಬಂಕಿನಲ್ಲಿ ಕಂಡೆ ಎಂದ ಒಬ್ಬನ ಮಾತು. ಕೊಂದವನಲ್ಲದಿದ್ದರೆ ಬೂಟಿನ ಸಂಗತಿ ಇವನಿಗೆ ಹೇಗೆ ಗೊತ್ತು ಎಂದು ಕೇಳಿದರು. ನಮ್ಮ ಬೀದಿಯ ಬೆಕ್ಕಿಗೂ ಗೊತ್ತಿತ್ತು. ಆದರೆ ಬೀದಿಯವರನ್ನು ಯಾರು ಕೇಳಿದರು?

ಸರ್ಕಾರ ಕೊಟ್ಟ ವಕೀಲೆಯೊಬ್ಬಳು ಕಾರ್ಡೆಲ್‌ನ ಪರ ನಿಂತಳು. ಸಣ್ಣ ವಯಸ್ಸು, ಒಳ್ಳೆಯ ಹುಡುಗಿ, ಯಾವಾಗಲೂ ಏದುಸಿರು. ಹುಡುಗ ಮನೆಯಲ್ಲಿದ್ದ ಎಂದು ಹೇಳಬಲ್ಲವಳು ಅಜ್ಜಿ ಒಬ್ಬಳೇ, ಅವಳ ಮಾತನ್ನು ತೀರ್ಪು ಕೊಡುವ ಜ್ಯೂರಿಯ ಜನ ನಂಬಿದರೆ ಹುಡುಗ ಮನೆಗೆ ಬರುತ್ತಾನೆ, ಇಲ್ಲದಿದ್ದರೆ ಇಲ್ಲ ಎಂದಳು. ನಂಬದೆ ಏನು, ಈ ಬೀದಿಯಲ್ಲಿ ನನ್ನ ಮಾತಿಗೆ ಎದುರಾಡಿದವರಿಲ್ಲ ಎಂದಳು ವರ್ನೆಲ್. ಕೋರ್ಟಿಗೆಂದು ತನ್ನ ಬಿಳಿ ಕುಪ್ಪಸಕ್ಕೆ ತಾನೇ ಇಸ್ತ್ರಿ ಹಾಕಿಕೊಂಡಳು.

ಸಾಕ್ಷಿಯ ಕಟಕಟೆಯಲ್ಲಿ ಅವಳು ನೆಟ್ಟಗೆ ಕೂತು ಎಲ್ಲವನ್ನೂ ಇದ್ದಂತೆ ಹೇಳಿದಳು. ಗಂಜಿ, ನಿಲುವಂಗಿ, ಹ್ಯಾಂಗರ್, ಶಬ್ದ, ಮೇಜಿನ ಕೆಳಗೆ ನುಸುಳಿದ ಹುಡುಗ. ಒಂದು ಮಾತೂ ದೊಡ್ಡದು ಮಾಡಲಿಲ್ಲ. ಅವಳು ಅಷ್ಟು ಚಿಕ್ಕದಾಗಿ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಜ್ಯೂರಿಯಲ್ಲಿದ್ದ ಒಬ್ಬ ಹೆಂಗಸು ತಲೆಯಾಡಿಸಿದಳು.

ಆಮೇಲೆ ಆರೋಪ ಹೊರಿಸಿದ ಕಡೆಯ ಸರ್ಕಾರಿ ವಕೀಲ ಎದ್ದ. ದನಿ ಏರಿಸುವವನಲ್ಲ, ಮಾತಿಗೊಮ್ಮೆ ಮೇಡಂ ಎನ್ನುತ್ತಿದ್ದ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ನಮ್ಮ ಚರ್ಚು ಕಾಣಿಸಿತು, ನೇರಳೆ ಟೊಪ್ಪಿ ಕಾಣಿಸಿತು, ಎತ್ತಿದ ಕೈ ಕಾಣಿಸಿತು. ಮಾಡಿದ್ದನ್ನೇ ಹಾಡ್ತಾರೆ, ಹಾಡಿದ್ದನ್ನೇ ಮಾಡ್ತಾರೆ. ಹಿಂದಿನಿಂದ ಡ್ರಮ್ಮಿನ ಪೆಟ್ಟು.

"ಇದು ನೀವೇ ಅಲ್ವಾ ಮೇಡಂ?"

"ನಾನೇ."

"ದೇವರ ಮುಂದೆ ನಿಂತು ಹೇಳ್ತಿದೀನಿ ಅಂದ್ರಿ. ನಿಜಾನೇ ಹೇಳಿದ್ರಾ?"

ವರ್ನೆಲ್ ಹಿಂದಿನ ಬೆಂಚುಗಳ ಕಡೆ ನೋಡಿದಳು. ಪಾಸ್ಟರ್ ಇದ್ದರು, ಹೊಸೇಯಾ ಅಣ್ಣ ಇದ್ದ, ರಾಸ್ಲಿನ್ ಇದ್ದಳು. ನಿಜ ಎಂದರೆ ಹುಡುಗ ಹಾಡಿದ್ದನ್ನು ಮಾಡಿದವನಾಗುತ್ತಾನೆ. ನಾವು ಹಾಗೇ ಹೇಳೋದು ಸ್ವಾಮಿ, ಚರ್ಚಿನಲ್ಲಿ ಸಾಕ್ಷಿ ಹೇಳುವ ರೀತಿಯೇ ಅದು ಎಂದಳು. ಹಾಗಾದರೆ ನಿಜವಲ್ಲವೇ ಎಂದು ಅವನು ಮತ್ತೆ ಕೇಳಿದ. ಅವಳು ಕೈಯಲ್ಲಿದ್ದ ಕರವಸ್ತ್ರವನ್ನು ಮಡಚಿದಳು.

"ಸುಳ್ಳು" ಎಂದಳು. "ಚರ್ಚಲ್ಲಿ ನಾನು ಸುಳ್ಳು ಹೇಳ್ದೆ."

ಸರ್ಕಾರಿ ವಕೀಲ ತನ್ನ ಕಾಗದ ಜೋಡಿಸಿಕೊಂಡ. "ಇವತ್ತು ಬೆಳಿಗ್ಗೆಯೂ ದೇವರ ಮೇಲೇ ಆಣೆ ಇಟ್ರಿ, ಅಲ್ವಾ ಮೇಡಂ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಕೂತುಬಿಟ್ಟ. ತಲೆಯಾಡಿಸಿದ್ದ ಹೆಂಗಸು ತನ್ನ ಉಗುರು ನೋಡಿಕೊಳ್ಳುತ್ತಿದ್ದಳು.

ಆಮೇಲೆ ಅವರು ಹಾಡನ್ನು ಹಾಕಿದರು. ಅಷ್ಟು ದೊಡ್ಡದಾಗಿ ಅದನ್ನು ನಾನು ಕೇಳಿರಲಿಲ್ಲ. ಕಾರ್ಡೆಲ್ ತಲೆ ತಗ್ಗಿಸಿ ಕೂತಿದ್ದ. ಒಂದು ಕಡೆ ಅವನ ಬೆರಳು ಮೇಜಿನ ಮೇಲೆ ತಾನಾಗಿ ಆಡಿತು. ಜ್ಯೂರಿಯವರೆಲ್ಲ ಆ ಬೆರಳನ್ನೇ ನೋಡಿದರು.

ಇಪ್ಪತ್ತೆಂಟು ವರ್ಷ ಜೈಲು ಹಾಕಿದರು. ಅಷ್ಟರಲ್ಲಿ ಹಾಡು ಮತ್ತೆ ಎದ್ದಿತು. ಮೊದಲು ಕೇಳಿದವರಿಗಿಂತ ಹತ್ತು ಪಟ್ಟು ಜನ ಈಗ ಕೇಳಿದರು. ಇದನ್ನು ಹಾಡಿದವನು ಸುಳ್ಳುಗಾರನಲ್ಲ, ಮಾಡಿಯೇ ಹಾಡಿದ್ದು, ಕೋರ್ಟೇ ಹೇಳಿದೆ ಎಂದು ಹುಡುಗರು ಹೆಮ್ಮೆಯಿಂದ ಹೇಳಿಕೊಂಡರು. ಹುಡುಗಿಯರು ಹಗ್ಗದಾಟಕ್ಕೆ ಅದನ್ನೇ ಹಾಡಿದರು. ಶಾಲೆಯ ಆ ಮೂರನೇ ತರಗತಿಯವನು ಈಗ ನಾಲ್ಕಕ್ಕೆ ಬಂದಿದ್ದ. ನೀವು ಅವನ ಸ್ವಂತ ಅಜ್ಜಿಯಾ ಎಂದು ಕೇಳಿ, ತಟ್ಟೆ ಹಿಡಿದುಕೊಂಡೇ ವರ್ನೆಲ್‌ಳ ಕೈಯನ್ನು ಮೆಲ್ಲಗೆ ಮುಟ್ಟಿ ಹೋದನಂತೆ. ಅವಳು ಆ ವರ್ಷವೇ ಕೆಲಸ ಬಿಟ್ಟಳು. ಚರ್ಚಿಗೆ ಬರುತ್ತಿದ್ದಳು, ಆದರೆ ಕೊನೆಯ ಬೆಂಚು. ಸಾಕ್ಷಿಯ ಹೊತ್ತಿಗೆ ಟೊಪ್ಪಿ ಸರಿಮಾಡಿಕೊಳ್ಳುತ್ತಾ ನೆಲ ನೋಡುವಳು. ನಿಲುವಂಗಿಗಳಿಗೆ ಈಗ ಯಾರೋ ಲಾಂಡ್ರಿಯವರು ಇಸ್ತ್ರಿ ಹಾಕುತ್ತಾರೆ.

ಅವಳಿಗೆ ಉಳಿದದ್ದು ಒಂದೇ ಮಾತು, ನನ್ನ ಹುಡುಗ ಮಾಡಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಔಷಧಿ ಅಂಗಡಿಯಲ್ಲಿ, ಎಲ್ಲೆಂದರಲ್ಲಿ ಹೇಳುವಳು. ಜೈಲಿನಲ್ಲಿ ಭೇಟಿಗೆ ಕಾಯುವ ಕೋಣೆಯಲ್ಲಿ ಬೇರೆ ತಾಯಂದಿರಿಗೂ ಹೇಳಿದಳು. ನನ್ನ ಕಾರ್ಡೆಲ್ ಬಲೂನಿಗೆ ಹೆದರುವವನು, ಗುಂಡಿನ ಶಬ್ದಕ್ಕೆ ಮೇಜಿನ ಕೆಳಗೆ ಕೂತಿದ್ದ ಎಂದು. ಕೇಳಿದವರು ಅಯ್ಯೋ ಎಂದರು, ಒಳಗಿದ್ದ ತಮ್ಮ ತಮ್ಮ ಮಕ್ಕಳಿಗೆ ಹೇಳಿದರು.

ಮುಂದಿನ ಭೇಟಿಗೆ ನಾನೂ ಜೊತೆಗಿದ್ದೆ. ಕಾರ್ಡೆಲ್‌ನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಕೆಳತುಟಿಗೆ ಹೊಲಿಗೆ ಬಿದ್ದಿತ್ತು. ಏನಾಯಿತೋ ಎಂದರೆ ಅತ್ತಿತ್ತ ನೋಡಿದ. ಆಮೇಲೆ ಮೇಜಿನ ಮೇಲೆ ಬಾಗಿ, ತುಟಿ ಹೆಚ್ಚು ಅಲುಗಾಡದ ಹಾಗೆ ಮಾತಾಡಿದ.

"ಅಜ್ಜಿ, ಇಲ್ಲಿ ಆ ಹಾಡಿದೆ ಅಂತಾನೇ ನನ್ ತಂಟೆಗೆ ಯಾರೂ ಬರ್ತಿರ್ಲಿಲ್ಲ. ಕೊಂದೋನು ಅಂತ ದಾರಿ ಬಿಡ್ತಿದ್ರು. ಈಗ ಬಲೂನು ಅಂತ ಕರೀತಾರೆ."

ವರ್ನೆಲ್ ಅವನ ತುಟಿಯನ್ನೇ ನೋಡುತ್ತಿದ್ದಳು.

"ನಾನ್ ಮಾಡಿಲ್ಲ ಅಂತ ಇನ್ಮೇಲೆ ಯಾರ್ ಹತ್ರಾನೂ ಹೇಳ್ಬೇಡ. ನಿನ್ ಕಾಲಿಗ್ ಬೀಳ್ತೀನಿ."

"ನಿಜಾನ ಹೇಳ್ಬಾರ್ದೇನೋ?"

"ಹೇಳಿದ್ಯಲ್ಲ ಕೋರ್ಟಲ್ಲಿ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ.

ಹಿಂತಿರುಗುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ದಾರಿಯುದ್ದಕ್ಕೂ ಜೋಳದ ಹೊಲ. ನಾನು ಬುತ್ತಿಯ ಕೋಳಿ ತುಂಡು ಕೈಗಿಟ್ಟರೆ ಹಿಡಿದುಕೊಂಡೇ ಕೂತಿದ್ದಳು.

ಆಮೇಲಿನ ತಿಂಗಳು ನಾವು ಮತ್ತೆ ಹೋದಾಗ ಕಾಯುವ ಕೋಣೆ ತುಂಬಿತ್ತು. ಬೆಂಚಿನ ತುದಿಯಲ್ಲಿ ಒಬ್ಬ ದಪ್ಪ ಹೆಂಗಸು ಚೀಲ ಹರಡಿಕೊಂಡು ಕೂತಿದ್ದಳು, ಅವಳ ಇಬ್ಬರು ಗಂಡುಮಕ್ಕಳೂ ಒಳಗಿದ್ದಾರಂತೆ. ವರ್ನೆಲ್‌ಳ ಮುಖವನ್ನು ನೋಡಿ ನೋಡಿ, ಕೊನೆಗೆ ಕೇಳಿದಳು: "ಅಲ್ಲಮ್ಮಾ, ಆ ಪೆಟ್ರೋಲ್ ಬಂಕಿನ ಹಾಡು ಇದ್ಯಲ್ಲ, ಆ ಹುಡುಗನ ಅಜ್ಜಿ ನೀನೇನಾ? ಅವ್ನು ಮಾಡೇ ಇಲ್ಲ, ಬರೀ ಪುಕ್ಕಲ ಅಂತಾರಲ್ಲ ಈಗ?"

ಸುತ್ತಲಿನವರು ತಿರುಗಿ ನೋಡಿದರು. ವರ್ನೆಲ್ ಕೈಚೀಲವನ್ನು ಎದೆಗೆ ಒತ್ತಿ ಹಿಡಿದು ನೆಟ್ಟಗೆ ನಿಂತಳು. ಚರ್ಚಿನಲ್ಲಿ ಸಾಕ್ಷಿಗೆ ನಿಲ್ಲುತ್ತಿದ್ದದ್ದು ಹಾಗೆಯೇ.

"ಯಾರೇ ಹೇಳ್ದೋರು ಪುಕ್ಕಲ ಅಂತ?" ಎಂದಳು. "ಅವ್ನೇ ಮಾಡಿದ್ದು. ನಾನೇ ಕಣ್ಣಾರೆ ಕಂಡೋಳು. ರಕ್ತದ ಬೂಟು ಹಾಕ್ಕೊಂಡು ನನ್ ಅಡುಗೆಮನೆಗೆ ಬಂದ, ಕೈ ತೊಳ್ಕೊಂಡ, ಕೂತ್ಕೊಂಡು ಊಟ ಮಾಡ್ದ."

ಕೋಣೆಯಲ್ಲಿ ಯಾರೂ ಅವಳನ್ನು ಅನುಮಾನಿಸಲಿಲ್ಲ. ದಪ್ಪ ಹೆಂಗಸು ಚೀಲವನ್ನು ಕಾಲಿನ ಹತ್ತಿರಕ್ಕೆ ಎಳೆದುಕೊಂಡು, ಬೆಂಚಿನಲ್ಲಿ ಸರಿದು, ಅವಳಿಗೆ ಜಾಗ ಮಾಡಿಕೊಟ್ಟಳು.